ದೊಡ್ಡಪ್ಪನ ಜಾಝ್ ಕ್ಯಾಸೆಟ್‌ಗಳು: ಮಾತು ಕಟ್ ಮಾಡಬೇಡಿ

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ದೊಡ್ಡಪ್ಪ ಪ್ರಾಯದಲ್ಲಿ ಬಾಂಬೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಹತ್ತಿದ ಜಾಝ್ ಹುಚ್ಚು ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡಾಗಲೂ ಬಿಡಲಿಲ್ಲ. ರಾತ್ರಿ ಶಾರ್ಟ್‌ವೇವ್‌ನಲ್ಲಿ ಅಮೆರಿಕ ಸರ್ಕಾರದ ರೇಡಿಯೋ ವಾಯ್ಸ್ ಆಫ್ ಅಮೆರಿಕದ ಜಾಝ್ ಕಾರ್ಯಕ್ರಮ ಹಿಡಿದು ರೆಕಾರ್ಡ್ ಮಾಡುತ್ತಿದ್ದರು. ಮೊದಲು ಸ್ಪೂಲ್ ಟೇಪಿನಲ್ಲಿ, ಆಮೇಲೆ ಭಾವ ಗಲ್ಫ್‌ನಿಂದ ತಂದುಕೊಟ್ಟ ಟೂ-ಇನ್-ವನ್‌ನಲ್ಲಿ (ರೇಡಿಯೋ, ಕ್ಯಾಸೆಟ್ ಎರಡೂ ಇರುವ ಸೆಟ್). ಈಗ ಅವರಿಲ್ಲ. ಅಟ್ಟದ ಮೇಲೆ 43 ಕ್ಯಾಸೆಟ್, 4 ಸ್ಪೂಲ್ ಸಿಕ್ಕಿವೆ. ಕೆಲವಕ್ಕೆ ಬಿಳಿ ಬೂಸ್ಟು ಬಂದಿದೆ. ಕೆಲವದರಲ್ಲಿ ಜಾಝ್ ಮೇಲೆಯೇ ಮನೆಯವರು ಆಕಾಶವಾಣಿಯ ತಾಳಮದ್ದಳೆ ರೆಕಾರ್ಡ್ ಮಾಡಿದ್ದಾರೆ. ಪೇಟೆಯ ಅಂಗಡಿಯವರು "ಕೊಡಿ, ಕರಕರ ತೆಗೆದು, ಮಾತು ಕಟ್ ಮಾಡಿ, ಬರೀ ಹಾಡು ಎಂಪಿ3 ಮಾಡಿ ಕೊಡ್ತೇವೆ" ಎನ್ನುತ್ತಾರೆ. ಕೊಡಬಹುದಾ? ಯೂಟ್ಯೂಬ್‌ಗೆ ಹಾಕಿದರೆ ಕಾನೂನಿನ ತೊಂದರೆ ಉಂಟಾ? ಎಲ್ಲ ಮುಗಿದ ಮೇಲೆ ಕ್ಯಾಸೆಟ್ ಬಿಸಾಡಬಹುದಾ?

ಉತ್ತರ: ಕೊಡಬೇಡಿ. ಅಂಗಡಿಯವರು ಕೆಟ್ಟವರೆಂದಲ್ಲ. ಮದುವೆ ಕ್ಯಾಸೆಟ್‌ಗಾದರೆ ಅವರು ಹೇಳಿದ್ದು ಸರಿ. ನಿಮ್ಮ ಪೆಟ್ಟಿಗೆಗೆ ಅದು ಸರಿಯಲ್ಲ. ಅವರು ಕತ್ತರಿಸಿ ಎಸೆಯುತ್ತೇವೆ ಅನ್ನುತ್ತಿರುವುದೇ ನಿಮ್ಮಲ್ಲಿ ಮಾತ್ರ ಇರುವ ಭಾಗ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡಪ್ಪ ಕೇಳುತ್ತಿದ್ದದ್ದು ಹೆಚ್ಚಾಗಿ ವಿಲ್ಲಿಸ್ ಕಾನೋವರ್ ಅವರ ಕಾರ್ಯಕ್ರಮ ಇರಬೇಕು. 1955ರ ಜನವರಿಯಲ್ಲಿ ಶುರುವಾದದ್ದು. 1996ರಲ್ಲಿ ಅವರು ತೀರಿಕೊಳ್ಳುವವರೆಗೂ ನಡೆಸಿದರು, ಅಂದರೆ ನಲವತ್ತು ವರ್ಷಕ್ಕೂ ಜಾಸ್ತಿ. ಗಂಭೀರ ಸ್ವರ, ತುಂಬಾ ನಿಧಾನದ ಇಂಗ್ಲಿಷ್. ಇಂಗ್ಲಿಷ್ ಮನೆಮಾತಲ್ಲದವರಿಗೂ ಅರ್ಥವಾಗಲಿ ಎಂದು ಬೇಕೆಂದೇ ಹಾಗೆ ಮಾತಾಡುತ್ತಿದ್ದರು. ತಮಾಷೆಯೆಂದರೆ ಅಮೆರಿಕದಲ್ಲೇ ಅವರ ಹೆಸರು ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ವಾಯ್ಸ್ ಆಫ್ ಅಮೆರಿಕದ ಕಾರ್ಯಕ್ರಮ ಹೊರದೇಶಕ್ಕೆ ಮಾತ್ರ, ಒಳಗೆ ಪ್ರಸಾರ ಮಾಡಬಾರದು ಎಂಬ ನಿಯಮ ಅಲ್ಲಿ 1948ರ ಕಾನೂನಿನಿಂದ ಬಂದಿತ್ತು. 2013ರಲ್ಲಷ್ಟೇ ಅದು ಸಡಿಲವಾಯಿತು. ಹಾಗಾಗಿ ಆ ಕಾರ್ಯಕ್ರಮವನ್ನು ಮನೆಯಲ್ಲಿ ಕೂತು ಟೇಪ್ ಮಾಡಿದವರು ನಿಮ್ಮ ದೊಡ್ಡಪ್ಪನಂಥವರು, ಅಮೆರಿಕದ ಹೊರಗಿನವರು.

ಅವರು ಹಾಕುತ್ತಿದ್ದ ರೆಕಾರ್ಡುಗಳು ಇವತ್ತು ಎಲ್ಲಿ ಬೇಕಾದರೂ ಸಿಗುತ್ತವೆ. ಎಲಿಂಗ್ಟನ್, ಬೇಸಿ, ಮಾಂಕ್, ಯಾರದ್ದು ಬೇಕು ಹೇಳಿ. ನಿಮ್ಮ ಕ್ಯಾಸೆಟ್‌ಗಿಂತ ನೂರು ಪಾಲು ಸ್ಪಷ್ಟವಾಗಿ ಫೋನಿನಲ್ಲೇ ಬರುತ್ತದೆ. ಕಾನೋವರ್ ಅವರ ಸ್ವಂತ ಸಂಗ್ರಹ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಗೀತ ಗ್ರಂಥಾಲಯದಲ್ಲಿದೆ. ವಾಯ್ಸ್ ಆಫ್ ಅಮೆರಿಕದ ಸಂಗೀತ ಟೇಪುಗಳು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಹಾಗಿದ್ದ ಮೇಲೆ ಬರೀ ಪಾಟು, ಅಂದರೆ ಹಾಡು, ಕತ್ತರಿಸಿಟ್ಟುಕೊಂಡು ನಿಮಗೆ ಸಿಗುವುದೇನು? ಆ ಹಾಡಿನ ಕಳಪೆ ನಕಲು, ಅಷ್ಟೇ. ಆದರೆ ಇಂಥ ರಾತ್ರಿ, ಇಂಥ ಬ್ಯಾಂಡಿನಲ್ಲಿ, ಕುಂಬಳೆ ಸೀಮೆಯ ಒಂದು ಮನೆಯಲ್ಲಿ ಆ ಸ್ಟೇಷನ್ ಹೇಗೆ ಕೇಳಿಸಿತು, ನಿರೂಪಕ ಏನು ಹೇಳಿದ, ಹಿಂದೆ ಮುಂದೆ ಏನು ಬಂತು ಎನ್ನುವುದೆಲ್ಲ ಒಟ್ಟಿಗೆ ಯಾವ ಗ್ರಂಥಾಲಯದಲ್ಲೂ ಸಿಗಲಾರದು.

ಈ ಬುದ್ಧಿ ನನಗೂ ತಡವಾಗಿಯೇ ಬಂದದ್ದು. ಹಿಂದೊಮ್ಮೆ ನೆಂಟರ ಮನೆಯ ರೇಡಿಯೋ ರೆಕಾರ್ಡಿಂಗ್ ಕಂಪ್ಯೂಟರಿಗೆ ಹಾಕುವಾಗ ಭಾರೀ ಚಂದ ಮಾಡುತ್ತೇನೆಂದು ಹೊರಟೆ. ಉದ್ಘೋಷಕರ ಮಾತೆಲ್ಲ ತೆಗೆದೆ. ಗುಂಯ್ ಅನ್ನುವ ಶಬ್ದವನ್ನೂ ತೊಳೆದೆ. ಕ್ಯಾಸೆಟ್ ವಾಪಸ್ ಕೊಟ್ಟೆ, ಅವರು ಅದರ ಮೇಲೆ ಬೇರೇನೋ ತುಂಬಿದರು. ಎರಡು ವರ್ಷ ಕಳೆದು ಒಬ್ಬರು "ಇದು ಯಾವ ವರ್ಷದ್ದು? ಮೃದಂಗ ಯಾರದ್ದು?" ಎಂದು ಕೇಳಿದರು. ಎರಡೂ ಉದ್ಘೋಷಕರ ಬಾಯಲ್ಲಿತ್ತು. ನಾನೇ ಒರೆಸಿ ಹಾಕಿದ್ದೆ.

ಇನ್ನು ಕೆಲಸ. ಮೊದಲು ಬೂಸ್ಟಿನದ್ದು.

ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ. ಚಪ್ಪಲಿಗೂ ಬೂಸ್ಟು ಬರುವ ಊರಲ್ಲಿ ಟೇಪ್ ಬಿಡುತ್ತದಾ? ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿ. ಸುತ್ತಿದ ಟೇಪಿನ ಅಂಚಿನ ಮೇಲೆ ಬಿಳಿ ಹುಡಿ ಅಥವಾ ಬಲೆಯ ಹಾಗೆ ಕಾಣುತ್ತದಾದರೆ ಅದನ್ನು ಪ್ಲೇ ಮಾಡಲೇಬೇಡಿ. "ಒಂದ್ಸಲ ಸುಮ್ನೆ ಕೇಳಿ ನೋಡುವ" ಎಂದು ಹಾಕಿದರೆ ಬೂಸ್ಟು ಪ್ಲೇಯರಿನ ಹೆಡ್ಡಿಗೆ (ಟೇಪ್ ಓದುವ ಭಾಗಕ್ಕೆ) ಹತ್ತುತ್ತದೆ, ಅಲ್ಲಿಂದ ಮುಂದಿನ ಹತ್ತು ಕ್ಯಾಸೆಟ್‌ಗೆ ದಾಟುತ್ತದೆ. ಬೂಸ್ಟು ಇದ್ದದ್ದು, ಇಲ್ಲದ್ದು ಎಂದು ಎರಡು ಪಾಲು ಮಾಡಿ. ಬೂಸ್ಟಿನದ್ದನ್ನು ಮುಟ್ಟುವಾಗ ಮಾಸ್ಕ್ ಹಾಕಿಕೊಳ್ಳಿ. ಉಬ್ಬಸ ಇರುವವರು ಹತ್ತಿರ ಬರುವುದೇ ಬೇಡ.

ಅವನ್ನು ಬಿಸಿಲಿಗೆ ಒಣಗಿಸಬೇಡಿ. ಕೂದಲು ಒಣಗಿಸುವ ಡ್ರೈಯರ್ ಬೇಡ. ಅಕ್ಕಿ ಡಬ್ಬಿಗೂ ಹಾಕಬೇಡಿ, ಅಕ್ಕಿಯ ಹುಡಿ ಒಳಗೆ ಹೋಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಕೆಲವು ವಾರ ಇಡಿ. ನೀಲಿ ಬಣ್ಣದ ಜೆಲ್ ಆದರೆ ನೀರು ಕುಡಿದಾಗ ಗುಲಾಬಿಯಾಗುತ್ತದೆ, ಆಗ ಬದಲಿಸಿ. ತೇವ ಆರಿದಾಗ ಬೂಸ್ಟು ಹುಡಿಯಾಗುತ್ತದೆ. ಆಮೇಲೆ ಹೊರಗೆ ಅಂಗಳದಲ್ಲಿ ಕೂತು, ನೂಲು ಬಿಡದ ಮೆತ್ತನೆ ಬಟ್ಟೆಯ ನಡುವೆ ಟೇಪನ್ನು ಹಗುರವಾಗಿ ಹಿಡಿದು ನಿಧಾನಕ್ಕೆ ಸುತ್ತುತ್ತಾ ಒರೆಸಬೇಕು. ತಾಳ್ಮೆಯ ಕೆಲಸ, ಅಡಿಕೆ ಸುಲಿದ ಹಾಗೆ. ಜನವರಿಯಿಂದ ಮಾರ್ಚ್ ಒಳಗೆ ಮಾಡಿ. ಜೂನ್‌ನಲ್ಲಿ ಶುರು ಮಾಡಿದರೆ ಒಣಗಿಸಿದ್ದು ವಾರದಲ್ಲಿ ಮತ್ತೆ ತೇವ ಹಿಡಿಯುತ್ತದೆ.

ಒಳಗಿನ ಚಿಕ್ಕ ಉಣ್ಣೆಯ ಪ್ಯಾಡ್ ಉದುರಿ ಹೋದದ್ದು ಒಂದೆರಡಾದರೂ ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅದಿಲ್ಲದಿದ್ದರೆ ಶಬ್ದ ಮಂಕಾಗಿ ಬಂದು ಹೋಗಿ ಮಾಡುತ್ತದೆ. ಟೇಪ್ ಹಾಳಾಯಿತೆಂದು ತಿಳಿಯಬೇಡಿ. ಸ್ಕ್ರೂ ಇರುವ ಬೇರೊಂದು ಖಾಲಿ ಕ್ಯಾಸೆಟ್ ಬಿಚ್ಚಿ, ಅದರ ಹೊಟ್ಟೆಗೆ ಈ ಟೇಪನ್ನು ಕೂರಿಸಿ. ಅಂಟಿಸಿದ ಹಳೇ ಕವಚವಾದರೆ ಅಂಚಿನಲ್ಲಿ ಬ್ಲೇಡ್ ಹಾಕಿ ಬಿಡಿಸಬೇಕಾಗುತ್ತದೆ. ಮೊದಲ ಸಲ ಬೇಡದ ಕ್ಯಾಸೆಟ್ ಒಂದರಲ್ಲಿ ಕೈ ಪಳಗಿಸಿಕೊಳ್ಳಿ.

ಪ್ಲೇಯರ್ ಯಾವುದು ಎನ್ನುವುದು ಎಲ್ಲಕ್ಕಿಂತ ಮುಖ್ಯ. ನೇರ ಕಂಪ್ಯೂಟರಿಗೆ ಚುಚ್ಚುವ ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಬರುತ್ತದಲ್ಲ, ಅದು ಬೇಡವೇ ಬೇಡ. ವೇಗ ಓಲಾಡುತ್ತದೆ. ಹಳೆಯದಾದರೂ ಒಳ್ಳೇ ಕ್ಯಾಸೆಟ್ ಡೆಕ್ ಹುಡುಕಿ, ಹೊಸ ಬೆಲ್ಟ್ ಹಾಕಿಸಿ, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಡೆಕ್ಕಿನ ಲೈನ್ ಔಟ್‌ನಿಂದ ಒಂದು ಆಡಿಯೋ ಇಂಟರ್‌ಫೇಸ್‌ಗೆ (ಶಬ್ದವನ್ನು ಕಂಪ್ಯೂಟರಿಗೆ ದಾಟಿಸುವ ಸಣ್ಣ ಪೆಟ್ಟಿಗೆ), ಅಲ್ಲಿಂದ ಕಂಪ್ಯೂಟರಿಗೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಬೇಡಿ. ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಾಗಿಲ್ಲ, ಆಡಾಸಿಟಿ ಸಾಕು. ಡೆಕ್ಕಿನಲ್ಲಿ ಡಾಲ್ಬಿ ಗುಂಡಿ ಇದ್ದರೆ ಆಫ್ ಇರಲಿ. ಅದನ್ನು ಹಾಕಿದರೆ ಕರಕರ ಕಡಿಮೆ ಆದ ಹಾಗೆ ಕಾಣುತ್ತದೆ, ನಿಜಕ್ಕೂ ಮೇಲಿನ ಸ್ವರಗಳು ಸಾಯುತ್ತವೆ. ಡಾಲ್ಬಿ ಇಲ್ಲದೆ ಮಾಡಿದ ರೆಕಾರ್ಡಿಂಗಿಗೆ ಡಾಲ್ಬಿ ಬೇಡ, ಟೂ-ಇನ್-ವನ್‌ಗಳಲ್ಲಿ ಸಾಮಾನ್ಯವಾಗಿ ಅದು ಇರಲೇ ಇಲ್ಲ.

ಈಗ ಒಂದು ಸ್ಕ್ರೂ ವಿಷಯ. ಇದನ್ನು ಅಂಗಡಿಯವರು ಮಾಡುವುದೇ ಇಲ್ಲ, ಮಾಡಿದರೆ ಶಬ್ದವೇ ಬೇರೆ. ಹೆಡ್ಡಿನಲ್ಲಿ ಕೂದಲೆಳೆಗಿಂತ ಸಣ್ಣ ಸೀಳೊಂದಿದೆ. ಟೇಪ್ ಓಡುವ ದಿಕ್ಕಿಗೆ ಅದು ಸರಿಯಾಗಿ ಅಡ್ಡ ನಿಲ್ಲಬೇಕು. ದೊಡ್ಡಪ್ಪನ ಟೂ-ಇನ್-ವನ್‌ನಲ್ಲಿ ಅದು ಒಂಚೂರು ಓರೆ ಇದ್ದಿದ್ದರೆ ಟೇಪಿನಲ್ಲೂ ಅದೇ ಓರೆ ಕೂತಿರುತ್ತದೆ. ನೇರ ಇರುವ ಡೆಕ್ಕಿನಲ್ಲಿ ಹಾಕಿದಾಗ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಆಗ ಹೆಡ್ಡಿನ ಬದಿಯಲ್ಲಿ ಸ್ಪ್ರಿಂಗ್ ಮೇಲೆ ಕೂತ ಸಣ್ಣ ಸ್ಕ್ರೂವನ್ನು, ಟೇಪ್ ಓಡುತ್ತಿರುವಾಗಲೇ, ಒಂಚೂರು ಆಚೆ ಈಚೆ ತಿರುಗಿಸಬೇಕು. ಕಂಪ್ಯೂಟರಿನಲ್ಲಿ ಎಡ ಬಲ ಸೇರಿಸಿ ಮೋನೋ ಮಾಡಿ ಕೇಳಿ. ಕಾನೋವರ್ 'ಸ' ಅನ್ನುವಾಗ ಅದು ಎಲ್ಲಿ ಹೆಚ್ಚು ಚುರುಕಾಗುತ್ತದೋ ಅಲ್ಲಿ ನಿಲ್ಲಿಸಿ. ಎಷ್ಟು ತಿರುಗಿಸಿದಿರಿ ಎಂದು ಬರೆದಿಡಿ. ಕ್ಯಾಸೆಟ್ ಮಗುಚಿ ಹಾಕಿದಾಗ ಇನ್ನೊಮ್ಮೆ ನೋಡಬೇಕು. ಕೆಲಸ ಐದು ನಿಮಿಷದ್ದು. ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಅಷ್ಟು ಸ್ಪಷ್ಟತೆ ಬರುವುದಿಲ್ಲ.

ಇನ್ನು ವೇಗ. ಕರೆಂಟ್ ಹೋಗಿ ಸೆಲ್ ಮೇಲೆ ರೆಕಾರ್ಡ್ ಮಾಡಿದ ರಾತ್ರಿಗಳು ಇದ್ದೇ ಇರುತ್ತವೆ. ಸೆಲ್ ತೀರುತ್ತಾ ಬಂದಾಗ ಮೋಟರ್ ನಿಧಾನವಾಗುತ್ತದೆ. ಅದನ್ನು ಈಗ ಸರಿಯಾದ ವೇಗದಲ್ಲಿ ಹಾಕಿದರೆ ಸ್ಯಾಕ್ಸೋಫೋನ್ ಮೆಲ್ಲಮೆಲ್ಲಗೆ ಮೇಲೇರುತ್ತದೆ. ಪತ್ತೆ ಮಾಡಲು ಮನೆಯ ಹಾರ್ಮೋನಿಯಂ ಸಾಕು, ಅದು ಸರಿಯಾದ ಶ್ರುತಿಯಲ್ಲಿದ್ದರೆ. ಶ್ರುತಿ ಸಂಶಯವಾದರೆ ಫೋನಿನ ಟ್ಯೂನರ್ ಬಳಸಿ. ಕಾರ್ಯಕ್ರಮದ ಶುರುವಿಗೆ ಪ್ರತಿ ಸಲ ಎಲಿಂಗ್ಟನ್ ಅವರ 'ಟೇಕ್ ದ ಎ ಟ್ರೇನ್' ಬರುತ್ತದೆ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಅದರ ಸ್ವರಗಳು ಹಾರ್ಮೋನಿಯಂನ ಮನೆಗಳ (ಕೀಲಿಗಳ) ನಡುವೆ, ಬಿಳಿಗೂ ಅಲ್ಲ ಕಪ್ಪಿಗೂ ಅಲ್ಲ ಎಂಬಂತೆ ಬಿದ್ದರೆ ವೇಗ ತಪ್ಪಿದೆ ಎಂದರ್ಥ. ಅರ್ಧ ಸ್ವರ ಏರಿದರೆ ವೇಗ ಸುಮಾರು 6 ಶೇಕಡ ಜಾಸ್ತಿ. ಇದನ್ನು ತಿದ್ದುವುದು ಮಾತ್ರ ಪ್ರತಿಯಲ್ಲಿ, ಮೂಲ ಫೈಲಿನಲ್ಲಿ ಅಲ್ಲ.

ಕೆಲವು ತೊಂದರೆ ತಿದ್ದಲಾಗುವುದೂ ಇಲ್ಲ. ಸಿಡಿಲು ಚಟ್ ಎಂದ ಕೂಡಲೇ ಸಂಗೀತ ತಗ್ಗಿ, ಆಮೇಲೆ ನಿಧಾನಕ್ಕೆ ಏರುವುದನ್ನು ಕೇಳಿರಬಹುದು. ಅದು ಟೇಪಿನ ದೋಷ ಅಲ್ಲ. ಟೂ-ಇನ್-ವನ್ ತಾನಾಗಿಯೇ ಶಬ್ದದ ಮಟ್ಟ ಹಿಡಿಯುತ್ತಿತ್ತು, ಸಿಡಿಲಿಗೆ ಹೆದರಿ ತಗ್ಗಿಸಿತು, ಅಷ್ಟೇ. ಇನ್ನು ದೂರ ಹೋಗಿ ಹತ್ತಿರ ಬಂದ ಹಾಗೆ ಅಲೆಅಲೆಯಾಗಿ ಕೇಳುವುದು ಶಾರ್ಟ್‌ವೇವ್‌ನ ಗುಣ. ಆಕಾಶದ ಮೇಲ್ಪದರಕ್ಕೆ ಬಡಿದು ಬೇರೆಬೇರೆ ದಾರಿಯಿಂದ ಬಂದ ಅಲೆಗಳು ಒಮ್ಮೆ ಕೂಡುತ್ತವೆ, ಒಮ್ಮೆ ಒಂದನ್ನೊಂದು ಕಳೆಯುತ್ತವೆ. ದೊಡ್ಡಪ್ಪ ಕೇಳಿದ್ದೇ ಹಾಗೆ. ಅದನ್ನು ಯಾಕೆ ತೊಳೆಯಬೇಕು?

ಫೈಲ್ ಹೇಗಿರಬೇಕು? 24 ಬಿಟ್, 48 ಕಿಲೋಹರ್ಟ್ಸ್, ವೇವ್ ಫೈಲ್. ದೊಡ್ಡ ಸಂಗ್ರಹಾಲಯಗಳು 96 ಹಾಕುತ್ತವೆ. ಶಾರ್ಟ್‌ವೇವ್ ರೇಡಿಯೋದಲ್ಲಿ 5 ಕಿಲೋಹರ್ಟ್ಸ್ ದಾಟಿ ಸಂಗೀತವೇ ಬರುವುದಿಲ್ಲ, ಹಾಗಾಗಿ ನನ್ನ ಪ್ರಕಾರ 48 ಧಾರಾಳ. ಸ್ಟೀರಿಯೋದಲ್ಲೇ ತುಂಬಿಸಿ, ಮೋನೋ ರೆಕಾರ್ಡಿಂಗ್ ಆದರೂ. ಒಂದು ಬದಿ ಸವೆದಿದ್ದರೆ ಇನ್ನೊಂದು ಇರುತ್ತದೆ. ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ನಿಮ್ಮ 43 ಕ್ಯಾಸೆಟ್‌ಗಳೆಲ್ಲ 90 ನಿಮಿಷದವೇ ಆದರೂ ಒಟ್ಟು 65 ಗಂಟೆ, 70 ಜಿಬಿಯೊಳಗೆ ಮುಗಿಯಿತು. ಜಾಗ ಉಳಿಸಬೇಕೆಂದರೆ ಫ್ಲ್ಯಾಕ್ ಮಾಡಿ, ಏನೂ ನಷ್ಟವಿಲ್ಲ. ಎಂಪಿ3 ನೆಂಟರ ವಾಟ್ಸಾಪಿಗೆ ಸಾಕು, ಮೂಲವಾಗಿ ಇಟ್ಟುಕೊಳ್ಳಲು ಅಲ್ಲ. ಶಬ್ದದ ಶಿಖರ ಮೈನಸ್ 10 ಡೆಸಿಬೆಲ್ ಹತ್ತಿರ ಇರಲಿ. ಮೂರು ಕಡೆ ಪ್ರತಿ ಇಡಿ. ಅದರಲ್ಲಿ ಒಂದು ಬೇರೆ ಊರಲ್ಲಿರಲಿ, ಬೆಂಗಳೂರಿನಲ್ಲಿರುವ ತಮ್ಮನೋ ತಂಗಿಯೋ ಇಟ್ಟುಕೊಳ್ಳಲಿ.

ತುಂಬಿಸುವಾಗ ಬದಿಯ ಕೊನೆ ತನಕ ಓಡಲಿ. "ಮುಗಿಯಿತು" ಅನಿಸಿದರೂ ನಿಲ್ಲಿಸಬೇಡಿ. ಜಾಝ್ ಮೇಲೆ ತಾಳಮದ್ದಳೆ ಬಿದ್ದ ಕ್ಯಾಸೆಟ್‌ಗಳಲ್ಲಿ ಇದು ತುಂಬಾ ಮುಖ್ಯ. ಮೇಲೆ ರೆಕಾರ್ಡ್ ಆದ ಜಾಗದಲ್ಲಿ ಹಳೆಯದು ವಾಪಸ್ ಬರುವುದಿಲ್ಲ, ಅದರ ಆಸೆ ಬಿಡಿ. ಆದರೆ ತಾಳಮದ್ದಳೆ ಮುಗಿದು ಖಾಲಿ ಸದ್ದಾಗಿ, ಟಕ್ ಎಂದು ಮೂರು ನಾಲ್ಕು ನಿಮಿಷ ಹಳೇ ಜಾಝ್ ಉಳಿದುಕೊಂಡಿರುತ್ತದೆ. ಮತ್ತೆ ಆ ತಾಳಮದ್ದಳೆಯನ್ನು ಜಾಝ್ ಕೆಡಿಸಿದ ಶತ್ರು ಎಂದು ನೋಡಬೇಡಿ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಅದರ ಆರಂಭದ ವರ್ಷಗಳ ಕೂಟ ಒಂದು ಸಿಕ್ಕಿದರೆ, ಅದರಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ (ಪದ್ಯದ ಮೇಲೆ ಅಲ್ಲೇ ಕಟ್ಟಿ ಆಡುವ ಮಾತು) ಇದ್ದರೆ, ನಾನಾದರೆ ಮೊದಲು ಅದನ್ನೇ ತುಂಬಿಸುತ್ತೇನೆ. ಪದ್ಯ ಪುಸ್ತಕದಲ್ಲಿದೆ, ಅರ್ಥ ಆ ಕೂಟದ್ದು. ಜಾಝ್‌ನವರದ್ದೂ ಅದೇ ಕಥೆಯಲ್ವಾ? ರಾಗ ಬರೆದದ್ದಿರುತ್ತದೆ, ನಡುವೆ ಸ್ಯಾಕ್ಸೋಫೋನ್‌ನವ ಹೇಳುವ ಅರ್ಥ ಅವತ್ತಿನದ್ದು.

ಕ್ಯಾಸೆಟ್ ಒಳಗಿನ ಚೀಟಿಗಳ ಫೋಟೋ ತೆಗೆಯಿರಿ, ಎರಡೂ ಬದಿ. ದೊಡ್ಡಪ್ಪ ಕನ್ನಡದಲ್ಲಿ "ಕೌಂಟು ಬೇಸಿ, 31 ಮೀಟರ್" ಎಂದು ಬರೆದಿದ್ದರೆ ಹಾಗೆಯೇ ಇರಲಿ, ಸ್ಪೆಲ್ಲಿಂಗ್ ತಿದ್ದಬೇಡಿ. ಕ್ಯಾಸೆಟ್ ಮೇಲೆ ಪೆನ್ಸಿಲ್‌ನಲ್ಲಿ ಒಂದು ನಂಬರ್ ಹಾಕಿ, ಫೈಲಿಗೂ ಅದೇ ನಂಬರ್ ಕೊಡಿ. ದೊಡ್ಡಮ್ಮ ಇದ್ದಾರಾದರೆ ಹತ್ತಿರ ಕೂರಿಸಿಕೊಂಡು ಕೇಳಿಸಿ. ಅವರಿಗೆ ಜಾಝ್ ತಲೆನೋವೇ ಆಗಿದ್ದರೂ ರೇಡಿಯೋ ಯಾವ ಕೋಣೆಯಲ್ಲಿತ್ತು, ಏರಿಯಲ್ ತಂತಿ ಯಾವ ತೆಂಗಿನ ಮರಕ್ಕೆ ಕಟ್ಟಿತ್ತು ಎನ್ನುವುದನ್ನು ಅವರೇ ಹೇಳಬೇಕು.

ಕಾನೂನಿಗೆ ಬರುವ. ಒಂದು ಕ್ಯಾಸೆಟ್ಟಿನಲ್ಲಿ ಹಕ್ಕು ಒಂದಲ್ಲ, ಹಲವು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಪ್ರಸಾರ ಮಾಡಿದ ಸಂಸ್ಥೆಯ ಹಕ್ಕು 25 ವರ್ಷ. ಪ್ರಸಾರವಾದ ಮರುವರ್ಷದಿಂದ ಲೆಕ್ಕ. 1982ರ ಪ್ರಸಾರವಾದರೆ 2007ಕ್ಕೇ ಮುಗಿದಿದೆ. ಕಲಾವಿದರ ಹಕ್ಕು 50 ವರ್ಷ. ರೆಕಾರ್ಡಿನ ಹಕ್ಕು ಪ್ರಕಟವಾಗಿ 60 ವರ್ಷ. ರಾಗ ಕಟ್ಟಿದವರ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ.

ಆ 'ಟೇಕ್ ದ ಎ ಟ್ರೇನ್' ಒಂದನ್ನೇ ನೋಡಿ. ಎಲಿಂಗ್ಟನ್ ವಾದ್ಯಮೇಳ ಅದನ್ನು ಮೊದಲು ರೆಕಾರ್ಡ್ ಮಾಡಿದ್ದು 1941ರಲ್ಲಿ. ಆ ರೆಕಾರ್ಡಿಗೆ ಭಾರತದಲ್ಲಿ ಹಕ್ಕು ಮುಗಿದು ಎಷ್ಟೋ ಕಾಲವಾಯಿತು. ಆದರೆ ರಾಗ ಕಟ್ಟಿದ ಬಿಲ್ಲಿ ಸ್ಟ್ರೇಹಾರ್ನ್ ತೀರಿಕೊಂಡದ್ದು 1967ರಲ್ಲಿ, ಹಾಗಾಗಿ ರಾಗದ ಹಕ್ಕು ಇಲ್ಲಿ 2027ರ ಕೊನೆಯವರೆಗೆ. ಅಮೆರಿಕದಲ್ಲಿ ಅದೇ 1941ರ ರೆಕಾರ್ಡಿಗೆ 2041ರ ತನಕ ಹಕ್ಕಿದೆ. 1957ರಿಂದ 1972ರ ಫೆಬ್ರವರಿ ನಡುವಿನ ರೆಕಾರ್ಡುಗಳಿಗಂತೂ 2067ರ ತನಕ. ಯೂಟ್ಯೂಬ್ ಅಮೆರಿಕದ ಕಂಪನಿ. ನೀವು ಹಾಕಿದ ಕೂಡಲೇ ಅದರ ಯಂತ್ರವೇ ಪಾಟು ಗುರುತಿಸುತ್ತದೆ, ಹಕ್ಕಿರುವವರು ಬೇಕಾದರೆ ತಡೆಯುತ್ತಾರೆ. "30 ಸೆಕೆಂಡು ಹಾಕಿದರೆ ಏನೂ ಆಗುವುದಿಲ್ಲ" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಕಾನೂನಿನಲ್ಲಿ ಅಂಥ ಲೆಕ್ಕ ಎಲ್ಲೂ ಇಲ್ಲ.

ಹಾಗಂತ ಹೆದರಿ ಪೆಟ್ಟಿಗೆ ಮುಚ್ಚಬೇಡಿ. ಸ್ವಂತ ಬಳಕೆಗೆ, ಅಧ್ಯಯನಕ್ಕೆ ಪ್ರಸಾರವನ್ನು ರೆಕಾರ್ಡ್ ಮಾಡಿಕೊಳ್ಳುವುದನ್ನು ನಮ್ಮ ಕಾಯ್ದೆ ತಪ್ಪು ಎನ್ನುವುದಿಲ್ಲ. ದೊಡ್ಡಪ್ಪ ಕಳ್ಳತನ ಮಾಡಲಿಲ್ಲ, ನೆಮ್ಮದಿಯಿಂದಿರಿ. ಲಾಭಕ್ಕಲ್ಲದ ಸಂಘವೊಂದು ತನ್ನ ಚಟುವಟಿಕೆಯಾಗಿ ರೆಕಾರ್ಡಿಂಗ್ ಕೇಳಿಸುವುದಕ್ಕೂ ಅವಕಾಶ ಇದೆ. ಊರಿನ ವಾಚನಾಲಯದವರು ಒಂದು ಸಂಜೆ ಇಟ್ಟುಕೊಂಡರೆ ನಾನೂ ಬರುತ್ತೇನೆ. ಆನ್‌ಲೈನ್‌ಗೆ ಹಾಕುವುದಾದರೆ ಮೊದಲು ಪಟ್ಟಿ ಹಾಕಿ, ಪಾಟು ಅಲ್ಲ. ಯಾವ ಕ್ಯಾಸೆಟ್, ಸುಮಾರು ಯಾವ ವರ್ಷ, ಯಾವ ಮೀಟರ್ ಬ್ಯಾಂಡ್, ಕಾನೋವರ್ ಯಾರ ಹೆಸರು ಹೇಳಿದರು ಎಂದು. ಚೀಟಿಗಳ ಫೋಟೋ ಜೊತೆಗಿರಲಿ. ಬೇಕಾದವರು ಹುಡುಕಿಕೊಂಡು ಬರುತ್ತಾರೆ. ಅದೇ ಪಟ್ಟಿಯನ್ನು ನಾರ್ತ್ ಟೆಕ್ಸಾಸ್ ಗ್ರಂಥಾಲಯಕ್ಕೂ ಕಳಿಸಿ, ಅವರಲ್ಲಿ ಇಲ್ಲದ ಕಂತು ನಿಮ್ಮಲ್ಲಿ ಇದ್ದರೂ ಇರಬಹುದು. ತಾಳಮದ್ದಳೆಗೆ 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಎಆರ್‌ಸಿಇ ಎಂಬ ಧ್ವನಿ ಸಂಗ್ರಹಾಲಯಕ್ಕೆ ಬರೆದು ನೋಡಿ. ಅದಕ್ಕಿಂತ ಮೊದಲು ಕಲಾವಿದರ ಮನೆಯವರನ್ನು ಒಂದು ಮಾತು ಕೇಳಿ, ಅವರಿಗೊಂದು ಪ್ರತಿ ಕೊಡಿ. ಅದು ಕಾನೂನಿಗಾಗಿ ಮಾತ್ರ ಅಲ್ಲ.

ಇನ್ನು ಸ್ಪೂಲ್‌ಗಳು. ಇವನ್ನು ನೀವೇ ಓಡಿಸಬೇಡಿ. ಬೆಳಕಿಗೆ ಹಿಡಿದು ನೋಡಿ. ಸುತ್ತಿದ ಟೇಪಿನ ಬದಿಯಿಂದ ಬೆಳಕು ದಾಟಿ ಕಂಡರೆ ಅದು ಅಸಿಟೇಟ್, ಸುಲಭವಾಗಿ ತುಂಡಾಗುತ್ತದೆ. ವಿನೆಗರ್ ಹುಳಿ ವಾಸನೆ ಬಂದರೆ ಅದು ಕರಗುತ್ತಾ ಬಂದಿದೆ ಎಂದರ್ಥ, ಬೇರೆಯದರಿಂದ ದೂರ ಇಡಿ, ಬೇಗ ತುಂಬಿಸಿ. ಬೆಳಕು ದಾಟದಿದ್ದರೆ ಪಾಲಿಯೆಸ್ಟರ್, ಗಟ್ಟಿ. ಟೇಪನ್ನು ಬಿಸಿ ಮಾಡಿದರೆ ಸರಿಯಾಗುತ್ತದೆ ಎಂದು ಎಲ್ಲೋ ಓದಿರುತ್ತೀರಿ. ಅದು 70ರ ದಶಕದ ನಂತರದ ಕೆಲವು ಬಗೆಯ, ಅಂಟಂಟಾದ ಟೇಪಿಗೆ ಮಾತ್ರ. ಅಸಿಟೇಟ್‌ಗೆ ಮಾಡಿದರೆ ಮುಗಿಯಿತು. ಸ್ಪೂಲ್ ಯಂತ್ರ ಚೆನ್ನಾಗಿಟ್ಟುಕೊಂಡವರ ಹತ್ತಿರ ನೀವೇ ಹೋಗಿ, ಪಕ್ಕದಲ್ಲಿ ಕೂತು ಮಾಡಿಸಿ. ಕೊರಿಯರ್ ಬೇಡ.

ಯಾಕೆ ಇಷ್ಟು ಹೇಳುತ್ತೇನೆಂದರೆ, ಟೂ-ಇನ್-ವನ್‌ನಲ್ಲಿ ರೇಡಿಯೋ ಒಳಗಿಂದೊಳಗೇ ರೆಕಾರ್ಡ್ ಆಗುತ್ತಿತ್ತು. ಸ್ಪೂಲ್ ಕಾಲದಲ್ಲಿ ಹೆಚ್ಚಿನವರು ರೇಡಿಯೋ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡುತ್ತಿದ್ದರು. ಎಲ್ಲರೂ ಉಸಿರು ಬಿಗಿ ಹಿಡಿದು ಕೂರಬೇಕು. ಆದರೂ ಹಂಚಿನ ಮೇಲೆ ಮಳೆ ಬೀಳುತ್ತದೆ, ನಾಯಿ ಬೊಗಳುತ್ತದೆ, ಯಾರೋ ಊಟಕ್ಕೆ ಕರೆಯುತ್ತಾರೆ. ಆ ನಾಲ್ಕರಲ್ಲಿ ಒಂದರಲ್ಲಾದರೂ ನಿಮ್ಮ ಅಜ್ಜಿಯ ಸ್ವರ ಇರಬಹುದು. ಅಂಗಡಿಯವರ ಲೆಕ್ಕದಲ್ಲಿ ಅದೂ ಕರಕರವೇ.

ಕೊನೆಯ ಪ್ರಶ್ನೆ, ಬಿಸಾಡಬಹುದಾ ಎಂದು. ಬೇಡ. ನಿಮ್ಮ ಮಗಳು ಇನ್ನೊಮ್ಮೆ, ನಮಗಿಂತ ಒಳ್ಳೇ ಯಂತ್ರದಲ್ಲಿ ತುಂಬಿಸಬಹುದು. ಕ್ಯಾಸೆಟ್‌ಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಟ್ಟದಲ್ಲಿ ಬೇಡ, ಬಚ್ಚಲಿನ ಗೋಡೆಗೆ ತಾಗಿದ ಕಪಾಟೂ ಬೇಡ, ಸ್ಪೀಕರ್‌ಗೆ ಒತ್ತಿಯೂ ಬೇಡ. ಹಿಂದಿನ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳು ಇರುತ್ತವೆ ನೋಡಿ. ಇವತ್ತೇ ಎಲ್ಲದರ ಕಿವಿ ಮುರಿದುಬಿಡಿ, ಆಮೇಲೆ ಯಾರೂ ಅದರ ಮೇಲೆ ಇನ್ನೊಂದು ತಾಳಮದ್ದಳೆ ತುಂಬಿಸಲಾಗದು.